ಅರ್ಧ ಬಲ

ಕೊನೆಕೊಯ್ಲು ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಮಲಗುವ ಹೊತ್ತು ಮುಂದೆ ಹೋಗುತ್ತಿತ್ತು. ಸಾಗರ ಸೀಮೆಯ ತೋಟದ ಮನೆಗಳನ್ನು ಬಲ್ಲವರಿಗೆ ಇದು ಗೊತ್ತು. ಕೆಂಪಡಿಕೆ ಆಗಬೇಕಾದರೆ ಕಾಯಿ ಹಣ್ಣಾಗುವ ಮೊದಲೇ ಕೊಯ್ಯಬೇಕು, ಕೊಯ್ದದ್ದನ್ನು ತಡಮಾಡದೆ ಸುಲಿಯಬೇಕು, ಸುಲಿದದ್ದನ್ನು ಬೇಯಿಸಬೇಕು. ಕೊನೆಗೌಡ ಹಗಲೆಲ್ಲ ಮರ ಹತ್ತಿ ಇಳಿಸಿದ ಹಸಿಗೊನೆಗಳು ಸಂಜೆಗೆ ಅಂಗಳದಲ್ಲಿ ರಾಶಿ ಬಿದ್ದಿರುತ್ತಿದ್ದವು. ರಾತ್ರಿ ಊಟ ಮುಗಿಸಿ ಚಪ್ಪರದ ಕೆಳಗೆ ಗ್ಯಾಸ್‌ಲೈಟು ಹೊತ್ತಿಸುತ್ತಿದ್ದರು. ಕೇರಿಯ ಹೆಂಗಸರು, ಮನೆಯ ಹೆಂಗಸರು, ಚಿಕ್ಕಪ್ಪಂದಿರು ಎಲ್ಲರೂ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಿದ್ದರು. ಒಂದು ಬದಿಗೆ ದೊಡ್ಡ ಒಲೆ, ಅದರ ಮೇಲೆ ಅಡಿಕೆ ಬೇಯಿಸುವ ಕೆಂಪು ನೀರು, ಅಂದರೆ ಚೊಗರು, ಕುದಿಯುವ ಹಂಡೆ. ಆ ಒಲೆಯ ಎದುರಿನ ಜಾಗ ಮಕ್ಕಳಾದ ನಮ್ಮದು.

ನಮ್ಮದು ಕೂಡುಕುಟುಂಬ. ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು, ನಾವು ಎಂಬ ಭೇದ ಊಟದ ಬಾಳೆಯ ಮುಂದೂ ಇರಲಿಲ್ಲ, ಆಟದಲ್ಲೂ ಇರಲಿಲ್ಲ. ಆಡಲು ಅಂಗಡಿಯಿಂದ ತಂದ ಸಾಮಾನೆಂದರೆ ಒಂದು ರಬ್ಬರ್ ಚೆಂಡು, ಅದೂ ತೋಟದ ಕಾದಿಗೆಯ ಪಾಲಾಗಿತ್ತು. ಆದರೆ ಚಪ್ಪರದ ಕೆಳಗೆ ಏನಿರಲಿಲ್ಲ? ಅಡಿಕೆಯ ಹಾಳೆ ಇತ್ತು, ಅದು ಕಿರೀಟವಾಗುತ್ತಿತ್ತು. ದಬ್ಬೆ ಇತ್ತು, ಬಗ್ಗಿಸಿ ಬಾಳೆನಾರು ಕಟ್ಟಿದರೆ ಬಿಲ್ಲು. ತೆಂಗಿನ ಕಡ್ಡಿ ಬಾಣ. ಚಾಕಲೇಟಿನ ಬೇಗಡೆಯನ್ನು ಅಕ್ಕಂದಿರು ವರ್ಷವಿಡೀ ಪುಸ್ತಕದ ನಡುವೆ ಒತ್ತಿಟ್ಟು ಕೂಡಿಸುತ್ತಿದ್ದರು, ಅದು ಕಿರೀಟದ ಹೊಳಪಿಗೆ. ಬಣ್ಣಕ್ಕೆ ಚೊಗರು. ಆರಿದ ಚೊಗರನ್ನು ಮುಖಕ್ಕೆ ಬಳಿದುಕೊಂಡರೆ ತೊಳೆದರೂ ಹೋಗದು, ಮರುದಿನ ಅದೇ ಕೆಂಪು ಮೋರೆಯಲ್ಲಿ ಶಾಲೆಗೆ ಹೋಗಬೇಕು. ನಾನು ಚೆಂಡೆಯವನು. ನನ್ನ ಚೆಂಡೆ ಎಂದರೆ ಸುಲಿದ ಅಡಿಕೆ ಅಳೆಯುವ ತಗಡಿನ ಡಬ್ಬ. ಸುಲಿಯುವವರ ಕೂಲಿ ಡಬ್ಬದ ಲೆಕ್ಕದಲ್ಲಿ. ಹಾಗಾಗಿ ಯುದ್ಧ ಎಷ್ಟೇ ಬಿರುಸಾಗಿರಲಿ, ಯಾರಾದರೂ “ಅಳೀರಿ ಅಯ್ಯಾ” ಎಂದರೆ ಚೆಂಡೆ ನಿಲ್ಲಬೇಕು. ರಾಮನೂ ರಾವಣನೂ ಬಿಲ್ಲು ಕೆಳಗಿಟ್ಟು ಕಾಯುತ್ತಿದ್ದರು.

ಅಜ್ಜ ಭಾಗವತರು. ಮೇಳ ಕಟ್ಟಿ ತಿರುಗಿದವರಲ್ಲ. ಊರ ದೇವಸ್ಥಾನದಲ್ಲಿ, ನೆಂಟರ ಮನೆಗಳಲ್ಲಿ, ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ಕೂಟಗಳಿಗೆ ಪದ್ಯ ಹೇಳುತ್ತಿದ್ದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಎದುರುಬದುರು ಕೂತ ಅರ್ಥಧಾರಿಗಳು, ನಡುವೆ ಭಾಗವತರು, ಮದ್ದಳೆ, ಚೆಂಡೆ. ಭಾಗವತರು ಹಾಡುವ ಪದ್ಯ ಪುಸ್ತಕದಲ್ಲಿರುತ್ತದೆ, ಅದರ ಒಂದಕ್ಷರ ಬದಲಾಗದು. ಆ ಪದ್ಯದ ಹಿಂದೆ ಬರುವ ಮಾತು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅರ್ಥಧಾರಿ ಅಲ್ಲೇ, ಆಗಲೇ, ಎದುರಾಳಿಯ ಮುಖ ನೋಡಿ ಹುಟ್ಟಿಸಬೇಕು. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧ ಗಂಟೆ ಮಾತಾಡುವವರಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಮಾತು ಕೇಳಲೆಂದೇ ಜನ ರಾತ್ರಿ ನಿದ್ದೆಗೆಟ್ಟು ದೂರದೂರುಗಳಿಗೆ ಹೋಗುತ್ತಿದ್ದ ಕಾಲ ಅದು. ಅಜ್ಜನೂ ಹೋಗಿ ಬಂದು ನಮಗೆ ಹೇಳಿದ್ದರು.

ಮಕ್ಕಳು ಅರ್ಥ ಹೇಳಬಾರದು ಎಂಬ ನಿಯಮ ಎಲ್ಲೂ ಇಲ್ಲ ಎಂದು ಮೊದಲು ಹೇಳಿದವಳು ನನ್ನ ಅಮ್ಮ. ಅವಳ ತವರು ಕುಂದಾಪುರದ ಕಡೆ. ಅಲ್ಲಿ ನವರಾತ್ರಿಯಲ್ಲಿ ಹುಡುಗರು ಹೂವಿನಕೋಲು ಹಿಡಿದು ಮನೆಮನೆಗೆ ಬಂದು, ಜಗುಲಿಯಲ್ಲಿ ಎದುರುಬದುರು ಕೂತು, ಪ್ರಸಂಗದ ಒಂದು ತುಣುಕಿಗೆ ಮಾತು ಹೇಳಿ ಹೋಗುತ್ತಿದ್ದರಂತೆ. ಗುರುಗಳು ಕಲಿಸಿದ ಮಾತೇ ಹೆಚ್ಚು, ಆದರೂ ಮಾತು. “ಅವಕ್ಕೆ ಬರ್ತು ಅಂದ್ರೆ ಇವಕ್ಕೆ ಎಂತಕ್ಕೆ ಬರ್ತಿಲ್ಲೆ?” ಎಂದು ನಮ್ಮ ಸೀಮೆಯ ಮಾತಿನಲ್ಲೇ ಕೇಳಿದ್ದಳು. ಆಮೇಲೆ ಸುಲಿಯುವ ರಾತ್ರಿಗಳಲ್ಲಿ ನಮ್ಮ ಆಟಕ್ಕೆ ಅಜ್ಜನ ಪದ್ಯ ಸಿಗತೊಡಗಿತು. ಕೈ ಅಡಿಕೆಯ ಮೇಲೆ, ಬಾಯಿ ಪದ್ಯದ ಮೇಲೆ.

ಅಂಥ ಒಂದು ರಾತ್ರಿಯ ಪ್ರಸಂಗ ವಾಲಿಮೋಕ್ಷ. ದೊಡ್ಡಪ್ಪನ ಮಗ, ನಮಗೆಲ್ಲ ಹಿರಿಯ ಅಣ್ಣ, ರಾಮ. ಅದರಲ್ಲಿ ಚರ್ಚೆಗೇ ಜಾಗವಿಲ್ಲ. ಸುಗ್ರೀವನಾಗಲು ಇನ್ನೊಬ್ಬ ತಯಾರಿದ್ದ. ವಾಲಿಯಾಗಲು ಯಾರೂ ಒಪ್ಪಲಿಲ್ಲ. ಸಾಯುವ ಪಾತ್ರ, ಬಿದ್ದುಕೊಂಡೇ ಇರಬೇಕು ಎಂದು ಎಲ್ಲರೂ ಜಾರಿಕೊಂಡರು. ಉಳಿದದ್ದು ಚಿಕ್ಕಪ್ಪನ ಮಗಳು, ನಮ್ಮೆಲ್ಲರಿಗಿಂತ ಚಿಕ್ಕವಳು. ಮನೆಯಲ್ಲಿ ಅವಳನ್ನು ಕೂಸು ಎಂದೇ ಕರೆಯುವುದು. ಇಷ್ಟು ದಿನ ಅವಳಿಗೆ ಸಿಕ್ಕಿದ್ದು ಕಪಿಸೈನ್ಯದ ಪಾತ್ರ ಮಾತ್ರ. ವಾಲಿ ಎಂದ ಕೂಡಲೇ ಹೋಗಿ ಎರಡೂ ಕೆನ್ನೆಗೆ ಚೊಗರು ಬಳಿದುಕೊಂಡು ಬಂದಳು.

ಯುದ್ಧ ಚೆನ್ನಾಗಿಯೇ ಆಯಿತು. ಚಪ್ಪರದ ಕಂಬದ ಹಿಂದಿನಿಂದ ರಾಮ ಬಾಣ ಬಿಟ್ಟ. ಕೂಸು ಸಿಪ್ಪೆಯ ರಾಶಿಯ ಮೇಲೆ ಬಿದ್ದಳು. ಅಜ್ಜ ವಾಲಿ ರಾಮನನ್ನು ಪ್ರಶ್ನಿಸುವ ಪದ್ಯ ಎತ್ತಿದರು. ನಾನು ಡಬ್ಬಕ್ಕೆ ಒಂದು ಮುಕ್ತಾಯ ಕೊಟ್ಟು ಸುಮ್ಮನಾದೆ.

ಇಲ್ಲಿ ಒಂದು ಮಾತು ಹೇಳಬೇಕು. ವಾಲಿಯ ಈ ಪ್ರಶ್ನೆಗಳು ಬಹಳ ಹಳೆಯವು. ವಾಲ್ಮೀಕಿಯ ಕಿಷ್ಕಿಂಧಾ ಕಾಂಡದಲ್ಲಿ 17ನೆಯ ಸರ್ಗ ವಾಲಿಯ ಆಪಾದನೆಗೆ, 18ನೆಯದು ರಾಮನ ಉತ್ತರಕ್ಕೆ ಮೀಸಲು. ಅಂದಿನಿಂದ ಇಂದಿನವರೆಗೆ ಪಂಡಿತರು, ಅರ್ಥಧಾರಿಗಳು ಈ ಜಾಗದಲ್ಲಿ ನಿಂತು ವಾದಿಸುತ್ತಲೇ ಇದ್ದಾರೆ. ಹೊಸದಾಗಿ ಕೇಳುವುದಕ್ಕೆ ಇನ್ನೇನೂ ಉಳಿದಿರಲಾರದು ಎಂದು ಯಾರಿಗಾದರೂ ಅನ್ನಿಸಬೇಕು. ಎರಡನೆಯ ಕ್ಲಾಸಿನ ಹುಡುಗಿಗೆ ಆ ಯೋಚನೆಯೇ ಬರಲಿಲ್ಲ.

“ಎಲವೋ ರಾಮ, ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ” ಎಂದು ಕೇಳಿ ಕಲಿತ ಮಾತಿನಲ್ಲೇ ಶುರುಮಾಡಿದಳು. ಅಣ್ಣನೂ ಗಂಟಲು ಸರಿಮಾಡಿಕೊಂಡು, “ಎಲೈ ವಾಲಿ, ತಮ್ಮನನ್ನು ರಾಜ್ಯದಿಂದ ಓಡಿಸಿದವನು ನೀನು, ಅಧರ್ಮಿ ನೀನು” ಎಂದ. ಕೂಸು ಸುಗ್ರೀವನ ಕಡೆ ಕೈ ತೋರಿಸಿದಳು. “ಅದು ನಂಗೂ ತಮ್ಮಂಗೂ ಆದ ಜಗಳ. ಮಧ್ಯ ನೀ ಎಂತಕ್ಕೆ ಬಂದೆ?” ಮಾತು ಗ್ರಾಂಥಿಕದಿಂದ ಮನೆಗೆ ಇಳಿದಿತ್ತು. ಸುಲಿಯುವ ಸಾಲಿನಲ್ಲಿ ನಗು ಎದ್ದಿತು, ಏಕೆಂದರೆ ಮನೆಯಲ್ಲಿ ಅಣ್ಣತಮ್ಮಂದಿರ ಜಗಳಕ್ಕೆ ಪಂಚಾಯ್ತಿಗೆ ಹೋಗುವ ಚಾಳಿ ನಮ್ಮ ಅಣ್ಣನಿಗೆ ನಿಜವಾಗಿಯೂ ಇತ್ತು.

ಅಣ್ಣ ತಡವರಿಸಿದ. ಅವಳು ಬಿಡಲಿಲ್ಲ. “ಮತ್ತೆ, ಅಡಗಿದವ್ರು ಹೊಡೆಯೋ ಹಾಂಗಿಲ್ಲೆ. ಕಣ್ಣಾಮುಚ್ಚಾಲೆಲಿ ಅಡಗಿದವ್ರು ಅಡಗಿಯೇ ಇರಕ್ಕು. ನೀ ಅಡಗಿದ್ದೂ ಹೌದು, ಹೊಡೆದಿದ್ದೂ ಹೌದು. ಎರಡೂ ಒಬ್ಬನೇ ಮಾಡ್ಲಾಗ.”

ಮೆಟ್ಟುಗತ್ತಿಗಳ ಸದ್ದು ಅಲ್ಲಲ್ಲಿ ನಿಂತಿತು. ಧರ್ಮಶಾಸ್ತ್ರ ಗೊತ್ತಿಲ್ಲದ ಹುಡುಗಿ ತನಗೆ ಚೆನ್ನಾಗಿ ಗೊತ್ತಿದ್ದ ಒಂದು ಶಾಸ್ತ್ರವನ್ನು ತಂದಿದ್ದಳು. ಅದರ ನಿಯಮಗಳನ್ನು ಅವಳು ದಿನವೂ ಆಡಿ, ಮೋಸಹೋಗಿ, ಅತ್ತು ಕಲಿತಿದ್ದಳು.

ಅಣ್ಣನಿಗೆ ಉತ್ತರ ಬರಲಿಲ್ಲ. ಅಜ್ಜನ ಕಡೆ ನೋಡಿದ. ಅಜ್ಜನಿಗೆ ರಾಮನ ಕಡೆಯ ವಾದಗಳೆಲ್ಲ ಬಾಯಿಗೆ ಬರುತ್ತಿದ್ದವು, ಎಷ್ಟು ಕೂಟಗಳಲ್ಲಿ ಕೇಳಿದ್ದರೋ. ಒಂದನ್ನು ಪಿಸುಗುಟ್ಟಿದ್ದರೆ ಸಾಕಿತ್ತು. ಅವರು ಹಾಗೆ ಮಾಡದೆ ಅದೇ ಪದ್ಯವನ್ನು ಇನ್ನೊಮ್ಮೆ, ಸ್ವಲ್ಪ ನಿಧಾನದಲ್ಲಿ ಎತ್ತಿದರು. ನನಗೆ ಕಣ್ಣಲ್ಲೇ ಸನ್ನೆ ಮಾಡಿದರು, ನಾನು ಡಬ್ಬದ ಮೇಲೆ ಮೆಲ್ಲಗೆ ತಾಳ ಹಿಡಿದೆ. ಅರ್ಥಧಾರಿಗೆ ಯೋಚನೆಗೆ ಹೊತ್ತು ಬೇಕೆಂದು ಕಂಡರೆ ಪದ್ಯ ಎಳೆಯುವುದು ಭಾಗವತರು ಮಾಡುವ ಉಪಕಾರ. ದೊಡ್ಡ ಕೂಟದ ಅರ್ಥಧಾರಿಗೆ ಸಲ್ಲುವ ಆ ಉಪಕಾರವನ್ನು ಅವರು ಹಾಳೆಕಿರೀಟದ ಮೊಮ್ಮಗನಿಗೆ ಮಾಡಿದರು. ಆ ರಾತ್ರಿಯನ್ನು ನೆನೆದಾಗೆಲ್ಲ ನನಗೆ ಕೂಸಿನ ಮಾತಿನಷ್ಟೇ ಆ ಎರಡನೆಯ ಸಲದ ಪದ್ಯವೂ ಕಿವಿಯಲ್ಲಿ ಕೇಳುತ್ತದೆ.

ಪದ್ಯ ಮುಗಿಯುವಷ್ಟರಲ್ಲಿ ಅಣ್ಣನಿಗೆ ಹೊಳೆದಿತ್ತು. “ನಿನ್ನ ಎದುರು ನಿಂತವರ ಅರ್ಧ ಬಲ ನಿನಗೆ ಹೋಗುತ್ತದೆ ಎಂದು ವರ ಇದೆಯಲ್ಲ! ಎದುರು ಬಂದರೆ ನನ್ನ ಅರ್ಧ ಬಲ ಹೋಗುತ್ತಿತ್ತು. ಅದಕ್ಕೇ ಅಡಗಿದೆ.” ಈ ವರದ ಕಥೆ ವಾಲ್ಮೀಕಿಯಲ್ಲಿ ಸಿಗುವುದಿಲ್ಲ. ರಾಮ ಏಕೆ ಮರೆಯಲ್ಲಿ ನಿಂತ ಎಂಬ ಪ್ರಶ್ನೆ ಕಾಡಿದ ಯಾರೋ, ಯಾವುದೋ ಕಾಲದಲ್ಲಿ, ಕಥೆಗೆ ಅದನ್ನು ಸೇರಿಸಿದರು. ಅದು ಎಷ್ಟು ಚೆನ್ನಾಗಿ ಕೂತಿದೆ ಎಂದರೆ ನಮ್ಮ ಮನೆಗಳಲ್ಲಿ ಎಲ್ಲರೂ ಅದನ್ನು ಮೂಲಕಥೆ ಎಂದೇ ಬಲ್ಲರು.

ಕೂಸು ಸಿಪ್ಪೆಯ ರಾಶಿಯ ಮೇಲೆ ಮೊಣಕೈ ಊರಿ ಅರ್ಧ ಎದ್ದಳು. ಈಗ ಅವಳ ದನಿಯಲ್ಲಿ ಜಗಳವಿರಲಿಲ್ಲ. “ಕೇಳಕ್ಕಾಗಿತ್ತು ನೀನು. ಕೇಳಿದ್ರೆ ವಾಪಸ್ ಕೊಡ್ತಿದ್ದೆ.”

ಅಣ್ಣ ಕೈಯಲ್ಲಿದ್ದ ಬಿಲ್ಲು ಕೆಳಗಿಟ್ಟ. “ಹಾಂಗಾರೆ ಏಳು” ಎಂದ.

ಆಗ ಗಲಾಟೆ ಶುರುವಾಯಿತು. ವಾಲಿ ಎದ್ದರೆ ತನಗೆ ರಾಜ್ಯ ಯಾರು ಕೊಡುತ್ತಾರೆ ಎಂದು ಸುಗ್ರೀವ ಕೂಗಿದ. ರಾಜ್ಯ ಸಿಗದಿದ್ದರೆ ಇವನು ಕಪಿಗಳನ್ನು ಕಳಿಸುವುದಿಲ್ಲ, ಕಪಿಗಳು ಹೋಗದಿದ್ದರೆ ಸೀತೆಗೆ ಬಿಡುಗಡೆಯಿಲ್ಲ ಎಂದು ಒಬ್ಬ ಚಿಕ್ಕಪ್ಪ ಕತ್ತಿಯಿಂದ ಕೈ ತೆಗೆಯದೆಯೇ ಲೆಕ್ಕ ಹೇಳಿದರು. ವಾಲಿಯೇ ಲಂಕೆಗೆ ಹೋಗಲಿ, ಅವನಿಗೆ ರಾವಣ ಹೆದರುತ್ತಾನೆ ಎಂದಳು ಒಬ್ಬಳು ಅಕ್ಕ. ಕೇರಿಯ ಹೆಂಗಸರೂ ಪಕ್ಷ ಕಟ್ಟಿದರು. ದೊಡ್ಡವರು ಯಾರೂ ಮಕ್ಕಳ ಆಟ ಎಂದು ಮಾತಾಡುತ್ತಿರಲಿಲ್ಲ. ಅಮ್ಮಮ್ಮ ಕೂಡ, “ಕೂಸು ಎಷ್ಟು ಚಂದ ಹೇಳ್ತು” ಎಂದು ಹೊಗಳಲಿಲ್ಲ. “ವಾಲಿ ಹೇಳಿದ್ದು ಸಮ” ಎಂದರು, ತೀರ್ಪು ಕೊಡುವವರ ಹಾಗೆ. ಈಗ ಯೋಚಿಸಿದರೆ ಆ ಒಂದು ಮಾತಿನ ಬೆಲೆ ತಿಳಿಯುತ್ತದೆ. ಹೊಗಳಿದ್ದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು, ಅವಳು ವಾಲಿಯಿಂದ ಮತ್ತೆ ಮನೆಯ ಚಿಕ್ಕ ಹುಡುಗಿಯಾಗುತ್ತಿದ್ದಳು. ಮಕ್ಕಳ ಸೃಜನಶೀಲತೆ ಬೆಳೆಸುತ್ತೇವೆ ಎನ್ನುವ ಬೇಸಿಗೆ ಶಿಬಿರಗಳು ಈಗ ಊರೂರಲ್ಲಿ ನಡೆಯುತ್ತವೆ, ಒಳ್ಳೆಯದೇ. ಅಲ್ಲಿ ಬಣ್ಣ, ಕಾಗದ, ಬಹುಮಾನ ಎಲ್ಲ ಸಿಗುತ್ತವೆ. ಮಗುವಿನ ಮಾತಿಗೆ ಪಾತ್ರದ ಒಳಗಿನಿಂದಲೇ ಉತ್ತರ ಕೊಡುವ ಅಮ್ಮಮ್ಮ, ಪದ್ಯ ಎಳೆಯುವ ಅಜ್ಜ ಎಷ್ಟು ಮಕ್ಕಳಿಗೆ ಸಿಗುತ್ತಾರೋ ಎಂಬ ಚಿಂತೆ ನನಗೆ.

ಕೊನೆಗೆ ಅಜ್ಜ ಕೈಯೆತ್ತಿದರು. ಭಾಗವತರು ರಂಗದ ಮೇಲಿನ ಪಾತ್ರವನ್ನು ಮಾತಾಡಿಸುವ ಧಾಟಿಯಲ್ಲೇ ಕೇಳಿದರು: “ವಾಲೀಂದ್ರ, ಪ್ರಸಂಗದ ಹೆಸರು ವಾಲಿಮೋಕ್ಷ. ಮೋಕ್ಷದ ಪದ್ಯ ನನ್ನ ಪುಸ್ತಕದಲ್ಲಿದೆ. ಅದನ್ನು ಬಿಡುವ ಹಾಗಿಲ್ಲ. ಏನು ಮಾಡುತ್ತೀರಿ?”

ಇದು ಕೂಸಿನ ಮೇಲೆ ಹೊರಿಸಿದ ದೊಡ್ಡ ಭಾರ. ಆದರೆ ಇದಿಲ್ಲದೆ ಮುಂದಿನದು ಹುಟ್ಟುತ್ತಿರಲಿಲ್ಲ. ಕಥೆಯನ್ನು ಹೇಗೆ ಬೇಕಾದರೂ ತಿರುಗಿಸಿಕೋ ಎಂದಿದ್ದರೆ ಅವಳು ಎದ್ದು ಕುಣಿದು ಮುಗಿಸುತ್ತಿದ್ದಳು. ಸಾಯಲೇಬೇಕು, ಆದರೆ ಹೇಗೆ ಎಂಬುದು ನಿನ್ನದು ಎಂದದ್ದರಿಂದ ಅವಳು ಸ್ವಲ್ಪ ಹೊತ್ತು ಕೂತು ಯೋಚಿಸಿದಳು. ಆಮೇಲೆ ಎರಡೂ ಕೈ ಬೊಗಸೆ ಮಾಡಿ, ಅದರಲ್ಲಿ ಏನೋ ಭಾರವಾದದ್ದು ಇದೆ ಎಂಬಂತೆ ಎತ್ತಿ ಅಣ್ಣನ ಮುಂದೆ ಹಿಡಿದಳು.

“ತಗ. ನಿನ್ನ ಅರ್ಧ ಬಲ. ಸೀತೆ ಹುಡುಕಲೆ ಬೇಕಾಗ್ತು.”

ಅಣ್ಣ ಬೊಗಸೆಯೊಡ್ಡಿ ತೆಗೆದುಕೊಂಡ. ಅವನ ಕೈ ನಿಜವಾಗಿಯೂ ಭಾರಕ್ಕೆ ಸ್ವಲ್ಪ ಕೆಳಗಿಳಿಯಿತು. ಕೂಸು ಕಣ್ಣುಮುಚ್ಚಿ ಮಲಗಿದಳು. ಅಜ್ಜ ಮೋಕ್ಷದ ಪದ್ಯ ಹಾಡಿದರು.

ಬಹಳ ವರ್ಷಗಳ ನಂತರ ಕಿಷ್ಕಿಂಧಾ ಕಾಂಡವನ್ನು ನಾನೇ ಓದಿದೆ. ಸಾಯುವ ಮೊದಲು ವಾಲಿ ಇಂದ್ರ ಕೊಟ್ಟ ಬಂಗಾರದ ಹಾರವನ್ನು ಕೊರಳಿಂದ ತೆಗೆಸಿ, ತನ್ನ ಮೇಲೆ ಕೊಲೆಗಾರನನ್ನು ತಂದ ಅದೇ ಸುಗ್ರೀವನಿಗೆ ಕೊಡುತ್ತಾನೆ. ಅದನ್ನು ಓದುತ್ತ ನನಗೆ ಮೈ ಜುಮ್ಮೆಂದಿತು. ಈ ಭಾಗ ಅಜ್ಜನ ಪದ್ಯಗಳಲ್ಲಿ ಇರಲಿಲ್ಲ, ಕೂಸಿಗೆ ಯಾರೂ ಹೇಳಿರಲಿಲ್ಲ. ಸಾಯುವ ವಾಲಿ ಏನನ್ನಾದರೂ ಕೊಟ್ಟು ಹೋಗಬೇಕು ಎಂಬುದನ್ನು ಅವಳು ವಾಲಿಯ ಜಾಗದಲ್ಲಿ ಮಲಗಿಯೇ ಕಂಡುಕೊಂಡಿದ್ದಳು. 1987ರಲ್ಲಿ ದೂರದರ್ಶನದ ರಾಮಾಯಣ ಬಂದ ಮೇಲೆ ನಮ್ಮೂರ ಮಕ್ಕಳ ಆಟದಲ್ಲಿ ರಾಮ ನಗುವ ರೀತಿ, ಬಿಲ್ಲು ಹಿಡಿಯುವ ರೀತಿ ಎಲ್ಲ ಟೀವಿಯದೇ ಆಯಿತು. ಈ ರಾತ್ರಿ ಅದಕ್ಕಿಂತ ಹಿಂದಿನದು. ನಮ್ಮ ರಾಮನಿಗೆ ಇನ್ನೂ ಗೊತ್ತುಪಡಿಸಿದ ಮುಖವಿರಲಿಲ್ಲ.

ಪದ್ಯ ಮುಗಿದ ಮೇಲೆ ಯಾರೋ “ಅಳೀರಿ” ಎಂದರು, ನನ್ನ ಚೆಂಡೆ ಹೋಯಿತು. ಡಬ್ಬಕ್ಕೆ ತನ್ನ ಅಡಿಕೆ ಸುರಿಯುತ್ತ ಕೇರಿಯ ಒಬ್ಬ ಹೆಂಗಸು, ವರ್ಷಗಳಿಂದ ನಮ್ಮಲ್ಲಿಗೆ ಸುಲಿಯಲು ಬರುತ್ತಿದ್ದವಳು, ಅಜ್ಜನನ್ನು ಕೇಳಿದಳು: “ಅಯ್ಯಾ, ವಾಲಿ ಹೆಂಡ್ತಿ ಎಲ್ಲಿದ್ಲು ಅಷ್ಟೊತ್ತು?”

“ತಾರೆಯೇ? ಬರ್ತಾಳೆ, ಮುಂದಿನ ಪದ್ಯದಲ್ಲಿ” ಎಂದರು ಅಜ್ಜ.

“ನಾಳೆ ಅದನ್ನೇ ಮಾಡ್ರಿ. ತಾರೆ ನಾನಾಗ್ತೆ. ರಾಮನ್ನ ಎರಡು ಮಾತು ಕೇಳದು ಐತೆ.”

ಅಣ್ಣ ಗಾಬರಿಯಾಗಿ ಅಜ್ಜನ ಮುಖ ನೋಡಿದ. ಅಜ್ಜ ಆಗಲೇ ಕನ್ನಡಕ ಹಾಕಿಕೊಂಡು ಪುಸ್ತಕದ ಹಾಳೆ ತಿರುಗಿಸುತ್ತಿದ್ದರು. “ಯಾವ ಪದ್ಯ ಎತ್ತಲಿ ನಿಂಗೆ?” ಎಂದು ಕೇಳಿದರು.

“ಪದ್ಯ ಯಾವ್ದಾರೂ ಎತ್ರಿ ಅಯ್ಯಾ” ಎಂದಳು ಅವಳು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. “ಮಾತು ನನ್ ಹತ್ರ ಐತೆ.”