ಎರಡು ಬ್ಯಾಟರಿಯ ಗಾಡಿಗಳು

ಈರಿ ಸರೋವರ ಹೆಪ್ಪುಗಟ್ಟುವ ತನಕ ಅಮೆರಿಕದ ಬಫಲೋ ಊರಿಗೆ ನೆಮ್ಮದಿಯಿಲ್ಲ. ನವೆಂಬರ್‌ನಲ್ಲಿ ಸರೋವರದ ನೀರಿನ್ನೂ ಬೆಚ್ಚಗಿರುತ್ತದೆ. ಪಶ್ಚಿಮದ ಚಳಿಗಾಳಿ ಅದರ ಮೇಲೆ ಹಾದು ಬಂದರೆ ತೇವವನ್ನೆಲ್ಲ ಹೊತ್ತು ತಂದು ದಡದ ಊರುಗಳ ಮೇಲೆ ಹಿಮವಾಗಿ ಸುರಿಯುತ್ತದೆ. 2001ರ ಕ್ರಿಸ್‌ಮಸ್ ವಾರದಲ್ಲಿ ಬಿದ್ದದ್ದು ಏಳು ಅಡಿಗೆ ಹತ್ತಿರ. 2014ರ ನವೆಂಬರ್‌ನಲ್ಲಿ ದಕ್ಷಿಣದ ಬಡಾವಣೆಗಳಲ್ಲಿ ಐದು ಅಡಿಗೂ ಮೇಲೆ ಬಿದ್ದರೆ, ಕೆಲವೇ ಮೈಲಿ ಉತ್ತರಕ್ಕೆ ಬರೀ ಅಂಗುಲಗಳ ಲೆಕ್ಕ.

ರಸ್ತೆಯ ಹಿಮವನ್ನು ಸರ್ಕಾರದ ದೊಡ್ಡ ಟ್ರಕ್ಕುಗಳು ಬಳಿಯುತ್ತವೆ. ಆಸ್ಪತ್ರೆ, ಚರ್ಚು, ಅಂಗಡಿಸಾಲಿನ ಪಾರ್ಕಿಂಗ್ ಜಾಗಗಳನ್ನು ಬೆಳಗಾಗುವುದರೊಳಗೆ ತೆರವು ಮಾಡುವವರು ಖಾಸಗಿ ಪ್ಲೌ ಟ್ರಕ್ಕಿನವರು. ಬೇಸಿಗೆಯಲ್ಲಿ ಛಾವಣಿ ಹೊದಿಸುವ, ಹುಲ್ಲು ಕತ್ತರಿಸುವ, ಗಾರೆ ಕೆಲಸ ಮಾಡುವ ಮಂದಿ ಚಳಿಗಾಲಕ್ಕೆ ಅದೇ ಡೀಸೆಲ್ ಪಿಕಪ್ಪಿನ ಮೂತಿಗೆ ಎಂಟಡಿ ಅಗಲದ ಬ್ಲೇಡು ಕಟ್ಟಿಕೊಂಡು ಇಳಿಯುತ್ತಿದ್ದರು. ನಸುಕಿನ ಮೂರಕ್ಕೆ ಗಾಡಿ ಸ್ಟಾರ್ಟ್ ಆಗದಿದ್ದರೆ ಆ ದಿನದ ದುಡಿಮೆ ಹೋಯಿತು, ಕಂಟ್ರಾಕ್ಟೂ ಕೈತಪ್ಪಬಹುದು. ಅಂಥವರ ಗಾಡಿಗಳಿಗೆಂದೇ ಇದ್ದ ಒಂದು ಗ್ಯಾರೇಜಿಗೆ 1990ರ ದಶಕದ ನಡುವೆ ನಾನು ಸೇರಿಕೊಂಡೆ.

ಕೆಲಸ ಕಲಿತದ್ದು ಹುಬ್ಬಳ್ಳಿಯ ಲಾರಿ ಗ್ಯಾರೇಜಿನಲ್ಲಿ. ಅಲ್ಲಿ ನಮ್ಮ ವೈರಿ ಬಿಸಿಲು. ಅರಬೈಲ್ ಘಟ್ಟ ಹತ್ತಿ ಬಂದ ಲಾರಿಯ ರೇಡಿಯೇಟರ್ ಕುದಿಯುವುದು, ಪಂಪು, ನಾಝಲ್ಲು, ಬ್ರೇಕು, ಇವೇ ದಿನದ ಪಾಡು. ಹೀಟರ್ ಪ್ಲಗ್ಗು ನೋಡಿದ್ದು ಅಂಬಾಸಿಡರ್ ಡೀಸೆಲ್ಲಿನಲ್ಲಿ. ಬ್ಯಾಟರಿ ಡೌನ್ ಆದರೆ ನಾಲ್ಕು ಜನ ತಳ್ಳಿದರೆ ಮುಗಿಯಿತು. ಬಫಲೋದಲ್ಲಿ ಆ ಉಪಾಯ ನಡೆಯುವುದಿಲ್ಲ; ಹೆಚ್ಚಿನ ಪಿಕಪ್ಪುಗಳಿಗೆ ಆಟೋಮ್ಯಾಟಿಕ್ ಗೇರು, ತಳ್ಳಿದರೆ ಎಂಜಿನ್ ತಿರುಗದು.

ಡೀಸೆಲ್ಲಿಗೆ ಕಿಡಿಯಿಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಕಾವಿನಿಂದಲೇ ಅದು ಹೊತ್ತಿಕೊಳ್ಳಬೇಕು. ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಎಂಜಿನ್ನಿನ ಎರಕದ ಕಬ್ಬಿಣ ಆ ಕಾವನ್ನೆಲ್ಲ ಹೀರಿಬಿಡುತ್ತದೆ. ಆಯಿಲು ಕಾಕಂಬಿಯಂತೆ ಗಟ್ಟಿಯಾಗಿ ಸೆಲ್ಫ್ ಮೋಟರಿಗೆ ದುಪ್ಪಟ್ಟು ಹೊರೆ. ಅದೇ ಹೊತ್ತಿಗೆ ಬ್ಯಾಟರಿಯ ಕಸುವು ಅರ್ಧಕ್ಕೆ ಇಳಿದಿರುತ್ತದೆ. ಅದಕ್ಕೇ ಈ ಗಾಡಿಗಳಿಗೆ ಜೋಡಿ ಬ್ಯಾಟರಿ, ರಾತ್ರಿ ಮನೆಯ ಕರೆಂಟಿಗೆ ಸಿಕ್ಕಿಸಿಡುವ ಬ್ಲಾಕ್ ಹೀಟರ್, ಎಂಟು ಸಿಲಿಂಡರಿಗೆ ಎಂಟು ಗ್ಲೋ ಪ್ಲಗ್ಗು, ಅಂದರೆ ನಮ್ಮ ಹೀಟರ್ ಪ್ಲಗ್ಗು. ಕಮಿನ್ಸ್ ಎಂಜಿನ್ನಿನಲ್ಲಿ ಗ್ಲೋ ಪ್ಲಗ್ಗಿನ ಬದಲು ಒಳಹೋಗುವ ಗಾಳಿಯನ್ನೇ ಕಾಯಿಸುವ ಹೀಟರ್ ಇರುತ್ತಿತ್ತು.

ನನ್ನ ಗುರು ಅಲ್ಲಿನ ಹಿರಿಯ ಮೆಕ್ಯಾನಿಕ್. ಬಫಲೋ ಪಕ್ಕದ ಲಕವಾನಾದ ಬೆತ್ಲೆಹೆಮ್ ಕಾರ್ಖಾನೆ 1983ರಲ್ಲಿ ಉಕ್ಕು ಮಾಡುವುದನ್ನು ನಿಲ್ಲಿಸಿದಾಗ ಕೆಲಸ ಕಳೆದುಕೊಂಡ ಸಾವಿರಾರು ಜನರಲ್ಲಿ ಒಬ್ಬ, ಅಲ್ಲಿ ಎಲೆಕ್ಟ್ರೀಷಿಯನ್ ಆಗಿದ್ದವನು. ಮೊದಲು ಎರಡೂ ಬ್ಯಾಟರಿಗಳನ್ನು ಬೇರ್ಪಡಿಸು ಎನ್ನುತ್ತಿದ್ದ. ಜೋಡಿಯಲ್ಲಿ ಒಂದು ಕೆಟ್ಟರೆ ರಾತ್ರಿಯಿಡೀ ಇನ್ನೊಂದನ್ನೂ ಹೀರುತ್ತದೆ. ಕೂಡಿಸಿಟ್ಟು ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಒಂದೊಂದಕ್ಕೂ ಹದಿನೈದು ಸೆಕೆಂಡು ಭಾರ ಕೊಟ್ಟು 9.6 ವೋಲ್ಟಿನ ಕೆಳಗೆ ಇಳಿಯುತ್ತದೆಯೇ ಎಂದು ನೋಡಬೇಕು. ಬ್ಯಾಟರಿಯನ್ನು ಬೆಚ್ಚಗಿನ ಕೋಣೆಯಲ್ಲಿಟ್ಟ ಮೇಲೆ ಈ ಲೆಕ್ಕ, ಹೊರಗಿನ ಚಳಿಯಲ್ಲಲ್ಲ.

ಅವನ ನಿಜವಾದ ವಿದ್ಯೆ ಕಂಡದ್ದು ಒಂದು ನಸುಕಿನಲ್ಲಿ. ಗಾಡಿಯ ಎರಡೂ ಬ್ಯಾಟರಿ ಪಾಸು, ಸೆಲ್ಫ್ ಮೋಟರ್ ಹೊಸದು. ಆದರೂ ಎಂಜಿನ್ನು ಗೊಣಗುತ್ತ ಗೊಣಗುತ್ತ ತಿರುಗಿ ನಿಲ್ಲುತ್ತಿತ್ತು. ಮೀಟರಿನ ಕೆಂಪು ಮೊನೆಯನ್ನು ಬ್ಯಾಟರಿಯ ಸೀಸದ ಮೊಳೆಯ ಮೇಲೆ ಇಟ್ಟ, ಕ್ಲಾಂಪಿನ ಮೇಲಲ್ಲ. ಕಪ್ಪು ಮೊನೆಯನ್ನು ಗಾಡಿಯ ಕೆಳಗೆ ಮಲಗಿದ ನಾನು ಸೆಲ್ಫ್ ಮೋಟರಿನ ಬೋಲ್ಟಿಗೆ ಒತ್ತಿ ಹಿಡಿದೆ. ಮಾಲೀಕ ಕೀ ತಿರುಗಿಸಿದ. ಸರಿಯಿದ್ದ ಕೇಬಲ್ಲಿನಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಸೋರಬಾರದು. ಮೀಟರಿನಲ್ಲಿ ಎರಡು ದಾಟಿತ್ತು. ಬಿಡಿಸಿ ತೆಗೆದ ಕೇಬಲ್ಲಿನ ಹೊರಮೈ ಹೊಸದರಂತೆ ಹೊಳೆಯುತ್ತಿತ್ತು, ಟರ್ಮಿನಲ್ಲಿನ ಹತ್ತಿರ ಮಾತ್ರ ಚೂರು ಉಬ್ಬು. ಚಾಕುವಿನಿಂದ ಸೀಳಿದರೆ ಒಳಗೆ ತಾಮ್ರವೆಲ್ಲ ಹಸಿರು ಪುಡಿ. ಯಾವಾಗಲೋ ಯಾರೋ ಟೆಸ್ಟ್ ಲ್ಯಾಂಪಿನ ಸೂಜಿ ಚುಚ್ಚಿದ್ದ ಸಣ್ಣ ತೂತು ಅಲ್ಲಿತ್ತು. ರಸ್ತೆಗೆ ಹಾಕಿದ ಉಪ್ಪು ನೀರಾಗಿ ಆ ತೂತಿನಿಂದ ಇಳಿದು ಎಳೆ ಎಳೆಯನ್ನೂ ತಿಂದಿತ್ತು. ಅಂದಿನಿಂದ ಇಂದಿನವರೆಗೆ ನನ್ನ ಕಣ್ಣೆದುರು ಯಾರಿಗೂ ತಂತಿಗೆ ಸೂಜಿ ಚುಚ್ಚಲು ನಾನು ಬಿಟ್ಟಿಲ್ಲ.

ಬ್ಲೇಡಿನ ಪಂಪು ಇನ್ನೊಂದು ಹೊಟ್ಟೆಬಾಕ. ಬ್ಲೇಡು ಎತ್ತುವ ಗಳಿಗೆಯಲ್ಲಿ ಅದರ ಮೋಟರ್ ಇನ್ನೂರು ಆಂಪಿಯರಿನ ಆಸುಪಾಸು ಎಳೆಯುತ್ತದೆ. ಹೆಡ್‌ಲೈಟು, ಹೀಟರ್ ಫ್ಯಾನು, ಮೇಲಿನ ಹಳದಿ ದೀಪ, ಹಿಂದೆ ಉಪ್ಪು ಚೆಲ್ಲುವ ಯಂತ್ರ ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ, ಗಾಡಿ ಮಾತ್ರ ಆಮೆ ವೇಗದಲ್ಲಿ ಹಿಂದೆ ಮುಂದೆ. ಅಷ್ಟು ನಿಧಾನದಲ್ಲಿ ಆಲ್ಟರ್ನೇಟರ್ ತುಂಬುವುದಕ್ಕಿಂತ ಖರ್ಚೇ ಹೆಚ್ಚು. ಸಂಜೆ ಸರಿಯಾಗಿ ಸ್ಟಾರ್ಟ್ ಆದ ಗಾಡಿ ಕಾಫಿ ಕುಡಿಯಲು ಆಫ್ ಮಾಡಿದ ಮೇಲೆ ಏಳದೇ ಇರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಗಿರಾಕಿಗಳು ಆಲ್ಟರ್ನೇಟರನ್ನು ಬೈಯುತ್ತಿದ್ದರು, ಅದು ತನ್ನ ಪಾಲಿನ ಕೆಲಸ ಮಾಡುತ್ತಲೇ ಇರುತ್ತಿತ್ತು.

ಅಷ್ಟರಲ್ಲಿ ಎಂಜಿನ್ನಿಗೆ ಕಂಪ್ಯೂಟರ್ ಬಂದಿತ್ತು. ಫೋರ್ಡಿನ 7.3 ಲೀಟರ್ ಪವರ್‌ಸ್ಟ್ರೋಕ್ 1994ರಲ್ಲಿ ಬಂದದ್ದು; ಅದರ ಇಂಜೆಕ್ಟರುಗಳನ್ನು ಒತ್ತುವುದು ಎಂಜಿನ್ ಆಯಿಲಿನ ಒತ್ತಡ, ತೆರೆಯುವುದು ಕರೆಂಟು. ಆಯಿಲಿನ ಒತ್ತಡ 500 ಪಿಎಸ್‌ಐ ಆಗುವ ತನಕ ಡೀಸೆಲ್ ಒಳಗೆ ಬೀಳುವುದಿಲ್ಲ. 2003ರಲ್ಲಿ ಬಂದ 6.0 ಲೀಟರಿನಲ್ಲಿ ಬ್ಯಾಟರಿಯ ಹನ್ನೆರಡು ವೋಲ್ಟನ್ನು ನಲವತ್ತೆಂಟಕ್ಕೆ ಏರಿಸಿ ಇಂಜೆಕ್ಟರಿಗೆ ಕೊಡುವ ಒಂದು ಪೆಟ್ಟಿಗೆ ಇತ್ತು. ಬ್ಯಾಟರಿ ಸೊರಗಿದಷ್ಟೂ ಆ ಪೆಟ್ಟಿಗೆಗೆ ದುಡಿತ ಜಾಸ್ತಿ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ನು ಮಾತ್ರ ಹೊತ್ತಿಕೊಳ್ಳದು ಎಂಬ ಹೊಸ ಬಗೆಯ ತಕರಾರು ಆಗ ಶುರುವಾಯಿತು.

ಸ್ಕ್ಯಾನರನ್ನು ನಾನು ಹಳಿಯುವುದಿಲ್ಲ. ಕ್ಯಾಬಿನ್ನಿನಲ್ಲಿ ಬೆಚ್ಚಗೆ ಕೂತು ಆಯಿಲಿನ ಒತ್ತಡ, ಪೆಟ್ಟಿಗೆಯ ವೋಲ್ಟು, ಸೆಲ್ಫ್ ಹೊಡೆಯುವಾಗಿನ ಬ್ಯಾಟರಿಯ ಕುಸಿತ ಮೂರನ್ನೂ ಒಂದೇ ಪರದೆಯಲ್ಲಿ ನೋಡಬಹುದು. ಹಿಂದೆ ಇದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಆದರೆ ವೋಲ್ಟು ಕುಸಿದಾಗ ಕಂಪ್ಯೂಟರ್ ಕಂಡಕಂಡ ಸೆನ್ಸರಿನ ಮೇಲೆ ದೂರು ಬರೆದುಕೊಳ್ಳುತ್ತದೆ. ಬೇರೊಂದು ಕಡೆ ಆ ದೂರುಗಳ ಪಟ್ಟಿ ಹಿಡಿದು ಸೆನ್ಸರುಗಳನ್ನೆಲ್ಲ ಬದಲಿಸಿಕೊಂಡು ನಮ್ಮಲ್ಲಿಗೆ ಬಂದ ಒಬ್ಬ ಗಾರೆಯವನ ಗಾಡಿಯಲ್ಲಿ ಕೆಟ್ಟಿದ್ದದ್ದು ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ. ತುಕ್ಕು ತಿಂದು ನಾಲ್ಕೆಳೆ ಉಳಿದಿತ್ತು. ಅವನು ಖರ್ಚು ಮಾಡಿದ ದುಡ್ಡು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗ್ಲೋ ಪ್ಲಗ್ಗಿನ ವಿಷಯವೂ ಹೀಗೆಯೇ. ಡ್ಯಾಶಿನ ಮೇಲೆ 'ಕಾಯಿರಿ' ಎನ್ನುವ ದೀಪ ಆರಿದ ಕೂಡಲೇ ಎಲ್ಲರೂ ಕೀ ತಿರುಗಿಸುತ್ತಾರೆ. 7.3ರಲ್ಲಿ ದೀಪ ಕೆಲವೇ ಸೆಕೆಂಡಿಗೆ ಆರಿದರೂ ರಿಲೇ ಎರಡು ನಿಮಿಷದವರೆಗೆ ಪ್ಲಗ್ಗುಗಳನ್ನು ಕಾಯಿಸುತ್ತಿರಬಹುದು. ಹಳಬರು ದೀಪ ನೋಡದೆ ಇನ್ನಷ್ಟು ಹೊತ್ತು ಸುಮ್ಮನೆ ಕೂರುತ್ತಿದ್ದರು.

ಈ ಕಸುಬನ್ನು ಬುಡಮೇಲು ಮಾಡಿದ್ದು ಚಳಿಯೂ ಅಲ್ಲ, ಕಂಪ್ಯೂಟರೂ ಅಲ್ಲ, ಹೊಗೆಯ ಕಾನೂನು. 2007ರಿಂದ ಹೊಸ ಡೀಸೆಲ್ ಪಿಕಪ್ಪುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು. ನಂತರದ ವರ್ಷಗಳಲ್ಲಿ ಯೂರಿಯಾ ದ್ರಾವಣದ ಟ್ಯಾಂಕೂ ಸೇರಿತು. ಗಾಳಿ ಶುದ್ಧವಾಯಿತು, ಗ್ಯಾರೇಜಿನೊಳಗೆ ಡೀಸೆಲ್ ಹೊಗೆ ಕುಡಿದು ಕೆಮ್ಮಿದವನಿಗೆ ಅದರ ಬೆಲೆ ಗೊತ್ತು. ಆದರೆ ಫಿಲ್ಟರಿನ ಮಸಿ ಸುಟ್ಟುಹೋಗಲು ಹೆದ್ದಾರಿಯ ಓಟ ಬೇಕು, ಪಾರ್ಕಿಂಗ್ ಜಾಗದ ತೆವಳಾಟ ಸಾಲದು. ಯೂರಿಯಾ ದ್ರಾವಣವೋ ಶೂನ್ಯಕ್ಕಿಂತ ಹನ್ನೊಂದು ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, ಅದನ್ನು ಕರಗಿಸಲು ಮತ್ತೊಂದು ಹೀಟರ್. ಒಂದೇ ಗಾಡಿ ಇಟ್ಟುಕೊಂಡು ಅಂಗಳದಲ್ಲೇ ರಿಪೇರಿ ಮಾಡಿಕೊಳ್ಳುತ್ತಿದ್ದವರಿಗೆ ಇದು ನಿಭಾಯಿಸುವ ಕೆಲಸವಾಗಿ ಉಳಿಯಲಿಲ್ಲ. ನಮ್ಮ ಗಿರಾಕಿಗಳಲ್ಲಿ ಕೆಲವರು ಕಸುಬನ್ನೇ ಬಿಟ್ಟರು, ಉಳಿದವರು ಪೆಟ್ರೋಲಿಗೆ ಹೊರಳಿದರು. ಫೋರ್ಡಿನ 2020ರ ಮಾದರಿಯಲ್ಲಿ 7.3 ಲೀಟರಿನ ಪೆಟ್ರೋಲ್ ಎಂಜಿನ್ ಬಂದ ಮೇಲಂತೂ ಹೊಸ ಡೀಸೆಲ್ ಕೊಳ್ಳುವವರು ನಮ್ಮಲ್ಲಿ ಅಪರೂಪವಾದರು.

ಈಗ ಗ್ಯಾರೇಜಿಗೆ ಬರುವ ಹುಡುಗರಿಗೆ ಗ್ಲೋ ಪ್ಲಗ್ಗಿನ ಪರಿಚಯ ಕಡಿಮೆ. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಪೆಟ್ರೋಲ್ ಗಾಡಿಗೂ ಬ್ಲೇಡಿನ ಪಂಪು ಅದೇ, ಉಪ್ಪೂ ಅದೇ, ತಾಮ್ರವೂ ಅದೇ. ಕಳೆದ ಚಳಿಗಾಲದಲ್ಲಿ ಹೊಸದೊಂದು ಪೆಟ್ರೋಲ್ ಟ್ರಕ್ಕು ಬ್ಲೇಡು ಎತ್ತಿದಾಗಲೆಲ್ಲ ದೀಪ ಮಂಕಾಗಿಸುತ್ತಿತ್ತು. ಹುಡುಗ ಸ್ಕ್ಯಾನರ್ ಎತ್ತಿಕೊಂಡ. ಅದನ್ನು ಪಕ್ಕಕ್ಕಿಡಿಸಿ ಮೀಟರ್ ಕೊಟ್ಟೆ, ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಮೊಳೆಗೆ, ಇನ್ನೊಂದು ಪಂಪಿನ ಮೈಗೆ ಹಿಡಿಸಿದೆ. ಬ್ಲೇಡು ಎತ್ತಿದ ಕೂಡಲೇ ಒಂದೂವರೆ ವೋಲ್ಟು ತೋರಿಸಿತು. ಅರ್ತಿನ ಕೇಬಲ್ಲನ್ನು ಅವನೇ ಹುಡುಕಿ ಬಿಚ್ಚಿದ, ಹೊಸದು ಹಾಕಿ, ತುದಿಗೆ ಗ್ರೀಸು ಮೆತ್ತಿ, ಮತ್ತೆ ಅಳೆದು ತೋರಿಸಿದ.