ಸರದಿಯ ಕುರ್ಚಿ

ವಿಶ್ವವಿದ್ಯಾಲಯದಲ್ಲಿ ವಿಭಾಗದ ಮುಖ್ಯಸ್ಥನಾಗುವುದಕ್ಕೆ ಪ್ರತಿಭೆಯೇನೂ ಬೇಕಿಲ್ಲ, ಕಾಯುತ್ತ ಕೂತಿದ್ದರೆ ಸಾಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಇದು ಸೇವಾ ಹಿರಿತನದ ಪ್ರಕಾರ ಎರಡು ವರ್ಷಕ್ಕೊಮ್ಮೆ ಒಬ್ಬರಿಂದ ಇನ್ನೊಬ್ಬರಿಗೆ ಸರಿಯುವ ಸ್ಥಾನ. ಹಾಗೇ ಸರಿಯುತ್ತ ಸರಿಯುತ್ತ ಕನ್ನಡ ವಿಭಾಗದಲ್ಲಿ ನನ್ನ ಬಳಿಗೂ ಬಂತು. ಸುದ್ದಿ ತಿಳಿದ ಭಾವಮೈದುನ ಫೋನು ಮಾಡಿ, "ಭಾವ, ಪ್ರಮೋಷನ್ ಆಯ್ತಂತೆ?" ಎಂದ. ಆಗಿದ್ದು ಪ್ರಮೋಷನ್ ಅಲ್ಲ, ಸರದಿ ಎಂದರೆ ಅವನು ನಂಬಲಿಲ್ಲ. ಪಾರ್ಟಿ ತಪ್ಪಿಸಿಕೊಳ್ಳಲು ಹೇಳುತ್ತಿದ್ದೇನೆ ಅಂದುಕೊಂಡ.

ಚಾರ್ಜ್ ವಹಿಸಿಕೊಟ್ಟ ದಿನ ಹಿಂದಿನ ಮುಖ್ಯಸ್ಥರ ಮುಖದಲ್ಲಿದ್ದ ನೆಮ್ಮದಿಯನ್ನು ನೋಡಿಯೇ ನಾನು ಎಚ್ಚರಗೊಳ್ಳಬೇಕಿತ್ತು. ಬೀಗದ ಕೈಗಳ ಗೊಂಚಲು, ಮೊಹರು, ಸ್ಟಾಕ್ ರಿಜಿಸ್ಟರು ಇಷ್ಟನ್ನೂ ಮೇಜಿನ ಮೇಲಿಟ್ಟು, ಸಹಿ ಹಾಕಿಸಿಕೊಂಡು, ಕಾಫಿಗೂ ನಿಲ್ಲದೆ ಹೊರಟೇಬಿಟ್ಟರು. ರಿಜಿಸ್ಟರಿನಲ್ಲಿ ಏನೇನಿದೆಯೋ ಅದಕ್ಕೆಲ್ಲ ಅಂದಿನಿಂದ ನಾನು ಹೊಣೆ. ಕೈ ಮುರಿದ ಕುರ್ಚಿಗಳು, ಬಲ್ಬು ಸುಟ್ಟ ಓವರ್‌ಹೆಡ್ ಪ್ರೊಜೆಕ್ಟರು, ಜಾನಪದದ ಕ್ಷೇತ್ರಕಾರ್ಯಕ್ಕೆಂದು ಯಾವ ಕಾಲದಲ್ಲೋ ಕೊಂಡ ಟೇಪ್ ರೆಕಾರ್ಡರು, ಬೀಗದ ಕೈ ಕಳೆದುಹೋದ ಒಂದು ಕಬ್ಬಿಣದ ಬೀರು. ಬೀರುವಿನೊಳಗೆ ಏನಿದೆಯೆಂದು ಬದುಕಿರುವವರಲ್ಲಿ ಯಾರಿಗೂ ಗೊತ್ತಿಲ್ಲ. ರಿಜಿಸ್ಟರಿನಲ್ಲಿ ಮಾತ್ರ 'ಬೀರು, ಒಂದು, ಸುಸ್ಥಿತಿ' ಎಂದಿದೆ. ಒಡೆಸಿ ನೋಡೋಣವೆಂದರೆ ಸುಸ್ಥಿತಿ ಹೋಗುತ್ತದೆ.

ಮುರಿದ ಕುರ್ಚಿಗಳನ್ನಾದರೂ ಸಾಗಹಾಕೋಣವೆಂದು ಹೊರಟೆ. ಅದಕ್ಕೆ ಒಂದು ಸಮಿತಿ ಬೇಕು. ಇವು ನಿರುಪಯುಕ್ತವೆಂದು ಸಮಿತಿ ದೃಢೀಕರಿಸಬೇಕು, ಹರಾಜಿಗೆ ಅನುಮತಿ ಬರಬೇಕು, ಬಂದ ಹಣ ಜಮಾ ಆಗಬೇಕು. ಅಷ್ಟರಲ್ಲಿ ಎರಡು ವರ್ಷ ಮುಗಿದು, ಕುರ್ಚಿಗಳು ಮುಂದಿನ ಮುಖ್ಯಸ್ಥರಿಗೆ ಹಸ್ತಾಂತರವಾಗುತ್ತವೆ. ಪಾಠ ಹೇಳಲು ಬಂದವರೆಲ್ಲ ನಿವೃತ್ತರಾಗುವ ಜಾಗದಲ್ಲಿ ನಿವೃತ್ತಿಯಿಲ್ಲದೆ ಉಳಿದಿರುವವು ಈ ಕುರ್ಚಿಗಳೇ.

ಇವುಗಳ ಚರಿತ್ರೆಯನ್ನು ಬಲ್ಲವನು ನಮ್ಮ ಅಟೆಂಡರ್. ಮುಖ್ಯಸ್ಥರು ಬರುತ್ತಾರೆ, ಹೋಗುತ್ತಾರೆ, ಅವನು ಇರುತ್ತಾನೆ. ಒಂದು ಫೈಲಿಗೆ ಸಹಿ ಹಾಕಲು ಪೆನ್ನೆತ್ತಿದರೆ, ಕಿಟಕಿಯ ಕಡೆ ನೋಡುತ್ತ, "ಹಿಂದಿನ್ ಸಾಹೇಬ್ರೂ ಹಾಕ್ಲಿಲ್ಲ ಸಾರ್, ಅದ್ರ ಹಿಂದಿನೋರೂ ಹಾಕ್ಲಿಲ್ಲ" ಎನ್ನುತ್ತಾನೆ. ಯಾಕೆಂದು ಹೇಳುವುದಿಲ್ಲ. ನಾನೂ ಹಾಕುವುದಿಲ್ಲ. ಆಡಿಟ್ ಆಕ್ಷೇಪಣೆಯಿಂದ ನನ್ನನ್ನು ಅವನು ಹಾಗೆ ಎಷ್ಟು ಸಲ ಕಾಪಾಡಿದ್ದಾನೋ, ಲೆಕ್ಕಪತ್ರ ಶಾಖೆಯವರೇ ಹೇಳಬೇಕು.

ಮುಖ್ಯಸ್ಥನಿಗೆ ನಿಜವಾಗಿ ಇರುವ ಅಧಿಕಾರ ಒಂದೇ: ಟೈಮ್ ಟೇಬಲ್. ಯುಜಿಸಿ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ಪಾಠ. ಗಂಟೆಗಳ ಲೆಕ್ಕದಲ್ಲಿ ಯಾರಿಗೂ ತಕರಾರಿಲ್ಲ, ತಕರಾರೆಲ್ಲ ಯಾವ ಗಂಟೆ ಎಂಬುದರಲ್ಲಿ. ಹನ್ನೊಂದರ ಕ್ಲಾಸು ಎಲ್ಲರಿಗೂ ಬೇಕು. ಊಟವಾದ ಮೇಲಿನ ಎರಡು ಗಂಟೆಯ ಕ್ಲಾಸು, ಪಾಠ ಹೇಳುವವರಿಗೂ ಕೇಳುವವರಿಗೂ ಒಟ್ಟಿಗೇ ಕಣ್ಣೆಳೆಯುವಂಥದ್ದು, ಯಾರಿಗೂ ಬೇಡ. ಒಬ್ಬರಿಗೆ ಪಕ್ಕದ ಊರಿನಿಂದ ರೈಲು ತಡವಾಗಿ ಬರುತ್ತದೆ, ಇನ್ನೊಬ್ಬರಿಗೆ ರೈಲು ಬೇಗ ಹೊರಡುತ್ತದೆ. ಶನಿವಾರ ಒಬ್ಬರಿಗೆ ಉಪವಾಸ, ಇನ್ನೊಬ್ಬರಿಗೆ ವಿಚಾರ ಸಂಕಿರಣ. ಕಟ್ಟುನಿಟ್ಟು ಮಾಡೋಣವೆಂದರೆ, ಇಂದು ನಾನು ಎರಡು ಗಂಟೆಯ ಕ್ಲಾಸಿಗೆ ಹಾಕಿದವರೇ ನಾಳೆ ಆ ಕುರ್ಚಿಯಲ್ಲಿ ಕೂತು ನನ್ನ ಟೈಮ್ ಟೇಬಲ್ ಬರೆಯುವವರು. ಸೊಸೆಯ ಕೈ ಕೆಳಗೆ ಬಾಳಬೇಕಾದ ಅತ್ತೆ ಎಷ್ಟು ಜೋರು ಮಾಡಬಹುದೋ ಅಷ್ಟೇ ನಮ್ಮ ಜೋರು.

ಹಿಂದೆ ಹೀಗಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾದರೂ ಕನ್ನಡ ಎಂ.ಎ. ಬಂದದ್ದು 1927ರಲ್ಲಿ. ಅದನ್ನು ನಡೆಸಿದವರು ಟಿ.ಎಸ್. ವೆಂಕಣ್ಣಯ್ಯನವರು. ಆ ಕಾಲದಲ್ಲಿ ಮುಖ್ಯಸ್ಥರೆಂದರೆ ನಿವೃತ್ತಿಯವರೆಗೂ ಮುಖ್ಯಸ್ಥರೇ. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಕುವೆಂಪು ಆ ಗುರುವಿಗೇ ಅರ್ಪಿಸಿದರು. ಈಗಿನ ಮುಖ್ಯಸ್ಥರಿಗೂ ಬರಹದಲ್ಲಿ ಏನಾದರೊಂದು ಸಲ್ಲುತ್ತಲೇ ಇರುತ್ತದೆ. ಸಾಮಾನ್ಯವಾಗಿ ಅದು ವಿವರಣೆ ಕೇಳಿ ಬಂದ ಪತ್ರ.

ದೀರ್ಘಾವಧಿಯ ಮುಖ್ಯಸ್ಥರಿಂದ ಆದ ಕೆಲಸ ಸಣ್ಣದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವನ್ನು ಜಿ.ಎಸ್. ಶಿವರುದ್ರಪ್ಪನವರು ಕಟ್ಟಿದ್ದು ವರ್ಷಗಟ್ಟಲೆ ಅಲ್ಲೇ ಇದ್ದುದರಿಂದ. ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆಯ ಸಂಪುಟಗಳು ಹೊರಬಂದದ್ದೂ ಅದರಿಂದಲೇ. ಎರಡು ವರ್ಷದ ಅವಧಿಯಲ್ಲಿ ಅಂಥ ಯೋಜನೆಗೆ ಸಮಿತಿ ರಚಿಸಿ ಮೊದಲ ಸಭೆಯ ನಡಾವಳಿಗೆ ಸಹಿ ಮಾಡಿಸಬಹುದಷ್ಟೆ. ಮಂಗಳೂರಿನಲ್ಲಿ ಎಸ್.ವಿ. ಪರಮೇಶ್ವರ ಭಟ್ಟರು 1968ರಲ್ಲಿ ಕನ್ನಡ ವಿಭಾಗ ತೆರೆದಾಗ ಮಂಗಳೂರು ವಿಶ್ವವಿದ್ಯಾಲಯವೇ ಇರಲಿಲ್ಲ, ಅದು ಮೈಸೂರಿನ ಸ್ನಾತಕೋತ್ತರ ಕೇಂದ್ರ. ಆದರೆ ದೊಡ್ಡ ಮರಗಳ ನೆರಳಿನ ಮಾತಾಡುವಾಗ ಅದರಡಿ ಬೆಳೆಯದೆ ಉಳಿದವರ ಮಾತೂ ಬರಬೇಕು. ತಮ್ಮ ಮೇಲಿನವರ ಹುಟ್ಟಿದ ತಾರೀಖನ್ನು ಬಾಯಿಪಾಠ ಮಾಡಿಕೊಂಡು ನಿವೃತ್ತರಾದ ಅಧ್ಯಾಪಕರೂ ಇದ್ದರು. ಸರದಿಯ ಪದ್ಧತಿ ಅವರಿಗೆ ಸಂದ ನ್ಯಾಯ. ನಾನು ಅದರ ಪರ. ಎರಡು ವರ್ಷದ ಬದಲು ನಾಲ್ಕಾಗಿದ್ದರೆ ಇನ್ನೂ ಚೆನ್ನಾಗಿತ್ತು. ನನ್ನ ಸರದಿ ಮುಗಿದ ಮೇಲೆ ಜಾರಿಗೆ ತಂದರೆ ಸಾಕು.

ಪಠ್ಯಕ್ರಮದ ಕಥೆ ಚಿಕ್ಕದು. 2021ರಲ್ಲಿ ನಮ್ಮ ರಾಜ್ಯಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ದೇಶದಲ್ಲಿ ನಾವೇ ಮೊದಲು ಎಂದು ಅಧ್ಯಯನ ಮಂಡಳಿಯಲ್ಲಿ ಕೂತು ನಾಲ್ಕು ವರ್ಷದ ಪದವಿಗೆ ಪಠ್ಯ ಬರೆದೆವು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿ ಬಂತು, ಮತ್ತೆ ಕೂತು ಬರೆದೆವು. ಪಂಪ ಎರಡರಲ್ಲೂ ಇದ್ದಾನೆ. ಕ್ರೆಡಿಟ್ಟು ಮಾತ್ರ ಬೇರೆ.

ನಗುವುದಕ್ಕಾಗದ್ದು ಅತಿಥಿ ಉಪನ್ಯಾಸಕರ ಸಂಗತಿ. ಕಾಯಂ ಹುದ್ದೆಗಳು ಒಂದೊಂದಾಗಿ ಖಾಲಿಯಾಗಿವೆ, ತುಂಬುವವರಿಲ್ಲ. ನಮ್ಮಂಥ ವಿಭಾಗಗಳ ಬಹುಪಾಲು ಪಾಠ ನಡೆಯುತ್ತಿರುವುದು ಅವರಿಂದ. ಪಿಎಚ್‌ಡಿ ಇದೆ, ನೆಟ್ ಇದೆ, ಹಳಗನ್ನಡವನ್ನು ನನಗಿಂತ ಚೆನ್ನಾಗಿ ಓದಿಸುತ್ತಾರೆ. ಆದರೂ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಸಂದರ್ಶನಕ್ಕೆ ಕೂರಬೇಕು. ಅವರ ಎದುರು ಕೂತು ಕನ್ನಡ ಛಂದಸ್ಸಿನ ಬಗ್ಗೆ ಪ್ರಶ್ನೆ ಕೇಳುವವನು ನಾನು, ಹಿಂದಿನ ದಿನದವರೆಗೂ ಪಕ್ಕದ ಕೋಣೆಯಲ್ಲಿ ಅವರ ಡಬ್ಬಿಯ ಚಿತ್ರಾನ್ನ ತಿಂದವನು. ಪಠ್ಯಕ್ರಮ ಬದಲಾಗಿ ವಾರಕ್ಕೆ ನಾಲ್ಕು ಗಂಟೆ ಕಡಿಮೆಯಾದರೆ ಒಬ್ಬರ ಮನೆ ಬಾಡಿಗೆ ನಿಲ್ಲುತ್ತದೆ. "ಸಾರ್, ಈ ಸಲ ವರ್ಕ್‌ಲೋಡ್ ಇದೆಯಾ?" ಎಂದು ಅವರು ಬಾಗಿಲಲ್ಲಿ ನಿಂತು ಕೇಳುವಾಗ ಸ್ಟಾಕ್ ರಿಜಿಸ್ಟರಿನ ತಮಾಷೆಗಳೆಲ್ಲ ಮರೆತುಹೋಗುತ್ತವೆ. ಮುಖ್ಯಸ್ಥ ಏನು ಮಾಡಬಲ್ಲ? ಇರುವ ಗಂಟೆಗಳನ್ನು ಅತ್ತ ಇತ್ತ ಹರಿಹಂಚಿ ಒಬ್ಬರನ್ನಾದರೂ ಉಳಿಸಿಕೊಳ್ಳಬಲ್ಲ. ಕಾಯಂ ಅಧ್ಯಾಪಕರಲ್ಲಿ ಒಬ್ಬರು ತಮ್ಮ ಹನ್ನೊಂದರ ಕ್ಲಾಸನ್ನು ಬಿಟ್ಟುಕೊಟ್ಟರೆ, ಪಕ್ಕದ ಕಾಲೇಜಿನಲ್ಲೂ ಪಾಠ ಮಾಡುವ ಅತಿಥಿ ಉಪನ್ಯಾಸಕರು ಎರಡೂ ಕಡೆ ಮುಟ್ಟಬಹುದು. ಅದಕ್ಕಾಗಿ ನಾನು ಎರಡು ಗಂಟೆಯ ಕ್ಲಾಸು ತೆಗೆದುಕೊಂಡಿದ್ದೇನೆ. ತ್ಯಾಗವೇನಲ್ಲ; ಬೇರೆ ಯಾರೂ ಒಪ್ಪಲಿಲ್ಲ.

ಇಷ್ಟೆಲ್ಲ ಹೇಳಿದ್ದು ಓದುಗರಿಗೆ ಒಂದು ಉಪಕಾರವಾಗಲಿ ಎಂದು. ನಿಮ್ಮ ಮನೆಯ ಹುಡುಗರ ಅಂಕಪಟ್ಟಿ ಬರಲಿಲ್ಲವೆಂದು ವಿಭಾಗಕ್ಕೆ ಬಂದು ಮುಖ್ಯಸ್ಥರ ಮೇಲೆ ರೇಗಬೇಡಿ. ಬಸ್ ಪಾಸಿಗೆ ವ್ಯಾಸಂಗ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿಗೆ ಸಹಿ, ಇವು ಅವರ ಕೈಲಿವೆ, ಅಂಕಪಟ್ಟಿ ಇಲ್ಲ. ಅದು ಪರೀಕ್ಷಾಂಗದಲ್ಲಿದೆ. ಊಟದ ಹೊತ್ತಿಗೆ ಮುಂಚೆಯೇ ಹೋಗಿ.