ಬರೀ ಪಾತ್ರಿ ಕೊಡೂಕಾಗ

ಬ್ರಹ್ಮಾವರ,
ಧನುರ್ಮಾಸ, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಬಸ್ಸಿಳಿದ ದಿನ ಫೋನಿನಲ್ಲಿ ಎರಡು ಮಾತಾಡಿದ್ದಷ್ಟೇ. ಬರೆಯೋಣ ಬರೆಯೋಣ ಅನ್ನುತ್ತಲೇ ಎಂಟು ದಿನ ಹೋದವು. ನಿನ್ನೆ ಸಂಜೆ ಇಲ್ಲಿ ನಡೆದದ್ದನ್ನು ಮಾತ್ರ ಫೋನಿನಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಅದರಲ್ಲಿ ಅವ್ವನ ವಿಷಯವೂ ಇದೆ, ಅದಕ್ಕೇ ಕಾಗದ.

ಧಾರವಾಡದಲ್ಲಿ ಹೊದ್ದು ಕೂತ ಶಾಲು ಅರಬೈಲು ಘಟ್ಟ ಇಳಿಯುವಷ್ಟರಲ್ಲಿ ಮಡಿಲಿಗೆ ಬಂದಿತ್ತು. ಅಂಕೋಲೆಯಿಂದ ಆಚೆ ಬರೀ ಕಡಲ ಗಾಳಿ. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ನೀನು ಜತೆಗಿದ್ದರೆ ಯಾವ ಕಿಟಕಿಗೆ ಕೂರುವುದೆಂದು ಜಗಳವಾಗುತ್ತಿತ್ತು. ಕುಂದಾಪುರ ದಾಟಿದರೆ ಕೋಟೇಶ್ವರ. ಅಲ್ಲಿನ ಕೊಡಿ ಹಬ್ಬ ಆಗಲೇ ಮುಗಿದಿತ್ತು. ಹೊಸದಾಗಿ ಮದುವೆಯಾದವರು ಜಾತ್ರೆಗೆ ಬಂದು ಕಬ್ಬಿನ ಕೊಡಿ ಒಯ್ಯುತ್ತಾರಂತೆ. ಆಮೇಲೆ ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಕೋಟ, ಸಾಲಿಗ್ರಾಮ, ಬ್ರಹ್ಮಾವರ.

ಇಲ್ಲಿಯ ಚಳಿಯನ್ನು ಕಂಡರೆ ನಿನಗೆ ಅಚ್ಚರಿಯಾದೀತು. ತುಟಿ ಒಡೆಯುವುದಿಲ್ಲ, ಹಿಮ್ಮಡಿ ಬಿರಿಯುವುದಿಲ್ಲ. ಬೆಳಗಿನ ಜಾವ ಇಪ್ಪತ್ತು ಡಿಗ್ರಿಗೆ ಇಳಿದರೆ ಸಾಕು, ಮಫ್ಲರು ಹೊರಬರುತ್ತವೆ. ಆದರೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆಯನ್ನೂ, ಅದರ ಹಿಂದೆಮುಂದೆ ಬೆವರನ್ನೂ ಕಾಣುವ ಜನಕ್ಕೆ ಈ ನಾಲ್ಕಾರು ವಾರ ದೊಡ್ಡ ಹಬ್ಬ. ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲೇ ಉದ್ದು, ಹುರುಳಿ ಎದ್ದಿವೆ. ಅವುಗಳ ಮೇಲೆ ಇಬ್ಬನಿ ಕೂತಿರುತ್ತದೆ. ಒಲೆಯ ಹತ್ತಿರ ಕೂರಲು ಮನಸ್ಸಾಗುವ ದಿನಗಳು ಇವರಿಗೆ ಇವಷ್ಟೇ.

ಇನ್ನು ನಿನ್ನೆಯದು. ನಾನಿಲ್ಲಿ ಉಳಿದಿರುವ ಮನೆಯ ಗೆಳತಿಯ ತಂಗಿ ಅಮೆರಿಕದಲ್ಲಿರುವುದು ನಿನಗೆ ಗೊತ್ತಲ್ಲ. ಅಲ್ಲಿ ಹಿಮ ಬೀಳುವ ತಿಂಗಳಲ್ಲಿ ಸ್ನೇಹಿತರು ಒಬ್ಬೊಬ್ಬರೂ ಒಂದೊಂದು ದೊಡ್ಡ ಪಾತ್ರೆ ಸೂಪು ಮಾಡಿ ಒಂದು ಮನೆಯಲ್ಲಿ ಸೇರುತ್ತಾರಂತೆ. ಎಲ್ಲರದ್ದನ್ನೂ ರುಚಿ ನೋಡಿ, ಹಂಚಿಕೊಂಡು, ಡಬ್ಬಿಗಳಲ್ಲಿ ತುಂಬಿ ಒಯ್ಯುತ್ತಾರೆ. ಹೋಗುವಾಗ ಒಯ್ದದ್ದು ಒಂದೇ ಬಗೆ, ಬರುವಾಗ ಏಳೆಂಟು ಬಗೆ. ಗೆಳತಿ ಇದನ್ನು ಕೇಳಿದವಳೇ, "ನಮಗೆ ಸೂಪ್ ಯಾಕೆ, ಸಾರು ಇಲ್ಲವಾ?" ಎಂದು ಕೇರಿಯ ಆರು ಮನೆಗೆ ಹೇಳಿಕೆ ಕಳಿಸಿಬಿಟ್ಟಳು. ಏಳನೆಯದು ಅವಳದೇ ಮನೆ, ಎಂಟನೆಯವಳು ನಾನು. ಒಂದೇ ಕಟ್ಟಳೆ: ಸಾರಿನ ಜತೆ ಏಳು ಖಾಲಿ ಪಾತ್ರೆಗಳನ್ನೂ ತರಬೇಕು.

ಅವಳ ಅತ್ತೆ ಬೆಳಿಗ್ಗೆ ಏಳಕ್ಕೇ ಹೊರಗಿನ ಒಲೆಗೆ ಎರಡು ಸೇರು ಹುರುಳಿ ಏರಿಸಿದರು. ಹೆಂಚಿನ ಮಾಡಿನ ಕೆಳಗೆ ತೆಂಗಿನ ಸಿಪ್ಪೆಯ ಬೆಂಕಿ. ನಾನು ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತೆ. ಹುರುಳಿ ಬೇಯುವುದು ಬೇಗ ಅಲ್ಲ ಅಕ್ಕಾ. ಹತ್ತು ಗಂಟೆಗೆ ನೀರು ಚಹದ ಬಣ್ಣ, ಹನ್ನೆರಡಕ್ಕೆ ಬೆಲ್ಲದ ಬಣ್ಣ, ಮಧ್ಯಾಹ್ನ ಎರಡಕ್ಕೆ ಕಾಳನ್ನು ಬೆರಳಲ್ಲಿ ಒತ್ತಿದರೆ ಹಿಟ್ಟು. ಆಗ ನೀರು ಬಸಿದು ಆ ನೀರನ್ನಷ್ಟೇ ಮತ್ತೆ ಒಲೆಗಿಟ್ಟರು. ಹುಣಸೆ, ಉಪ್ಪು, ಚೂರು ಬೆಲ್ಲ, ಸೀಳಿದ ಹಸಿಮೆಣಸು. ಕೊನೆಗೆ ಕೊಬ್ಬರಿ ಎಣ್ಣೆಯಲ್ಲಿ ಎರಡು ಮುಷ್ಟಿ ಜಜ್ಜಿದ ಬೆಳ್ಳುಳ್ಳಿ ಕೆಂಪಗೆ ಹುರಿದು ಒಗ್ಗರಣೆ. ಅಷ್ಟೇ. ಮಸಾಲೆ ಇಲ್ಲ, ಕಾಯಿ ಇಲ್ಲ. ಆ ಪರಿಮಳಕ್ಕೆ ಪಕ್ಕದ ಮನೆಯ ಹುಡುಗರು ಬೇಲಿಯ ಹತ್ತಿರ ಬಂದು ನಿಂತರು.

ಅತ್ತೆಯ ತವರಿನಲ್ಲಿ ಕೋಣಗಳಿದ್ದವಂತೆ. ವಂಡಾರು ಕಂಬಳದ ಕಡೆಯ ಮನೆತನ ಅವರದು. ಕಂಬಳದ ಕೋಣಗಳಿಗೆ ಬೇಯಿಸಿದ ಹುರುಳಿಯೇ ಮುಖ್ಯ ಮೇವು, ಈಗಲೂ. ಹಂಡೆಗಟ್ಟಲೆ ಹುರುಳಿ ಬೇಯಿಸಿ ಕಾಳನ್ನು ಕೋಣಗಳಿಗೆ ಇಟ್ಟರೆ, ಬಸಿದ ನೀರು ಮನೆಯ ಮೂವತ್ತು ಜನಕ್ಕೆ ಸಾರು. "ಕೋಣ ಉಂಡದ್ದೇ ನಾವೂ ಉಂಡದ್ದು" ಎಂದರು. ಆ ಮಾತಿನಲ್ಲಿ ಹೆಮ್ಮೆ ಇತ್ತು.

ಸಂಜೆ ಜನ ಬಂದರು. ಈ ಊರಿನ ಚೆಂದ ಏನೆಂದರೆ ಒಂದೇ ಕೇರಿಯಲ್ಲಿ ಕುಂದಾಪುರದ ಕನ್ನಡ, ತುಳು, ಕೊಂಕಣಿ ಮೂರೂ ನಡೆಯುತ್ತವೆ. ಅತ್ತೆ ಹುರುಳಿ ಅಂದದ್ದನ್ನು ಎದುರು ಮನೆಯ ತುಳುವರು ಕುಡು ಅಂದರು, ಕೊಂಕಣಿಯವರು ಕುಳಿತು ಅಂದರು. ತುಳು ಮನೆಯಿಂದಲೂ ಹುರುಳಿ ಸಾರೇ ಬಂದಿತ್ತು. ಎರಡು ಪಾತ್ರೆ ಒಂದೇ ಆಯಿತಲ್ಲ ಎಂದು ಗೆಳತಿಗೆ ಮೊದಲು ಸಪ್ಪೆಯೆನಿಸಿತು. ರುಚಿ ನೋಡಿದರೆ ಎರಡೂ ಬೇರೆ. ಅವರದು ಹುರಿದ ಕಾಯಿ ಅರೆದು ಹಾಕಿದ ಗಟ್ಟಿ ಸಾರು. ಕೊಂಕಣಿಯವರದು ಇಂಗು, ಹಸಿಮೆಣಸಿನ ದಾಳಿ ತೋವೆ. ಭಟ್ಟರ ಮನೆಯಿಂದ ಮಟ್ಟು ಗುಳ್ಳದ ಬೋಳು ಹುಳಿ, ಅಂದರೆ ಕಾಯಿ ಅರೆಯದ ಹುಳಿ. ಉಡುಪಿಯ ದಕ್ಷಿಣಕ್ಕಿರುವ ಮಟ್ಟುವಿನ ಈ ಹಸಿರು ಬದನೆಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ನಮ್ಮ ಬದನೆಕಾಯಿಯ ಬಿಗುವು ಇದಕ್ಕಿಲ್ಲ, ಬಾಯಲ್ಲಿ ಕರಗಿಯೇ ಹೋಗುತ್ತದೆ. ಇನ್ನೊಂದು ಮನೆಯದು ಬೇಸಿಗೆಯಲ್ಲಿ ಒಣಗಿಸಿಟ್ಟ ಪುನರ್ಪುಳಿಯ ಸಾರು, ದಾಸವಾಳದಷ್ಟು ಕೆಂಪು. ಕ್ರಿಸ್ಮಸ್‌ಗೆ ಕುಸ್ವಾರಿನ ತಿಂಡಿಗಳ ತಟ್ಟೆ ಹಂಚಿದ್ದ ಕ್ರೈಸ್ತ ಮನೆಯವರು ಮರುವಾಯಿ, ಅಂದರೆ ಚಿಪ್ಪುಮೀನಿನ ಸಾರು ತಂದಿದ್ದರು. ಅದಕ್ಕೆ ಬೇರೆ ಮೇಜು, ಬೇರೆ ಸೌಟು. ಯಾರೂ ಮುಖ ಸಿಂಡರಿಸಲಿಲ್ಲ, ಯಾರನ್ನೂ ಒತ್ತಾಯಿಸಲೂ ಇಲ್ಲ. ತಿನ್ನುವವರು ಆ ಕಡೆ ಹೋಗಿ ತಿಂದು ಬಂದರು. ಕಡೆಯ ಮನೆಯವರು ಕೆಲಸದಿಂದ ತಡವಾಗಿ ಬಂದವರು, ಕರಿಮೆಣಸಿನ ಸಾರು ಮಾಡಿ ತಂದಿದ್ದರು. ಶೀತವಾದವರೆಲ್ಲ ಅದಕ್ಕೇ ಮುತ್ತಿದರು.

ಇಷ್ಟಕ್ಕೂ ಮೊದಲು ಎಲ್ಲರಿಗೂ ಕುಚ್ಚಲಕ್ಕಿ ಗಂಜಿಯ ತೆಳಿ ಕೊಟ್ಟರು. ಕೆಂಪಕ್ಕಿ ಬೆಂದ ತಿಳಿನೀರಿಗೆ ಉಪ್ಪು ಹಾಕಿ ಬಿಸಿಬಿಸಿ. ಸೂಪು ಅಂತ ಹೆಸರಿಡದೆ ಇವರು ತಲೆಮಾರುಗಳಿಂದ ಕುಡಿಯುತ್ತ ಬಂದದ್ದು ಇದನ್ನೇ.

ನಾನು ಮಾಡಿದ್ದು ಕಟ್ಟಿನ ಸಾರು. ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿದ ಕಟ್ಟು, ಅದಕ್ಕೆ ಒಂದು ಹಿಡಿ ಹೂರಣ, ಹುಣಸೆ, ಚಕ್ಕೆ, ಲವಂಗ. ಆದರೆ ಒಣಕೊಬ್ಬರಿ ತರುವುದನ್ನು ಮರೆತಿದ್ದೆ. ಹಸಿಕಾಯಿಯನ್ನೇ ಹುರಿದು ಹಾಕಿದೆ. ಅವ್ವನದ್ದರ ಹತ್ತಿರವೂ ಬರಲಿಲ್ಲ ಅಕ್ಕಾ. ಯುಗಾದಿಯ ಮರುದಿನ, ತಂಗಳಾದ ಸಾರನ್ನು ಅವ್ವ ಕುದಿಸಿ ಬಡಿಸುತ್ತಿದ್ದ ಆ ಗಾಢತೆ ಇರಲಿಲ್ಲ. ಅತ್ತೆ ಮಾತ್ರ ಒಂದು ಗುಟುಕು ಕುಡಿದು, ಇನ್ನೊಂದು ಕುಡಿದು, "ಇದ್ ನಮ್ಮ ಹುರ್ಳಿ ಸಾರಿನ್ ಅಕ್ಕ ಅಲ್ದಾ?" ಎಂದರು. ನಿಜ. ಅಲ್ಲಿ ಬೇಳೆ ಬೆಂದ ನೀರು, ಇಲ್ಲಿ ಕಾಳು ಬೆಂದ ನೀರು. ಘಟ್ಟದ ಆಚೆ ಈಚೆ ಇಬ್ಬರು ಹೆಂಗಸರು ಚೆಲ್ಲಬಹುದಾದ ನೀರನ್ನು ಚೆಲ್ಲಲಿಲ್ಲ. ನನ್ನ ಕಣ್ಣು ತುಂಬಿತು, ಒಗ್ಗರಣೆಯ ಹೊಗೆ ಅಂದೆ.

ಒಂದು ವಿಷಯ ನನ್ನನ್ನು ಬಿಡದೆ ಕಾಡುತ್ತಿದೆ. ಈ ಕೇರಿಯ ಏಳರಲ್ಲಿ ಐದು ಮನೆಗಳಲ್ಲಿ ಇರುವುದು ಇಬ್ಬಿಬ್ಬರೇ. ಮಕ್ಕಳು ಬೆಂಗಳೂರು, ಮುಂಬಯಿ, ಗಲ್ಫ್. ಇಬ್ಬರಿಗಾಗಿ ಯಾರು ಏಳು ಗಂಟೆ ಹುರುಳಿ ಬೇಯಿಸುತ್ತಾರೆ? ಒಂದು ಲೋಟ ಕಾಳು ಬೇಯಿಸಿದರೆ ಆ ರುಚಿ ಬರುವುದೂ ಇಲ್ಲ. ಸಾರು ಇಬ್ಬರ ಅಡುಗೆಯೇ ಅಲ್ಲ. ಅತ್ತೆ ಈ ಸಾರು ಮಾಡದೆ ಮೂರು ವರ್ಷವಾಗಿತ್ತಂತೆ. ನಿನ್ನೆ ಏಳು ಮನೆಗೆಂದು ಮಾಡಿದ್ದಕ್ಕೇ ಅದು ಮತ್ತೆ ಒಲೆ ಕಂಡಿತು. ಅಡುಗೆ ಮರೆತುಹೋಗುವುದು ಪುಸ್ತಕದಲ್ಲಿ ಬರೆದಿಡದ್ದರಿಂದಲ್ಲ, ಉಣ್ಣುವವರು ಸಾಲದೆ ಎಂದು ನನಗೆ ಈಗ ಖಚಿತವಾಗಿದೆ.

ಹೊರಡುವ ಹೊತ್ತಿಗೆ ಮತ್ತೊಂದು ನಡೆಯಿತು. ಎದುರು ಮನೆಯಾಕೆ ಹಿಂದೆಂದೋ ಒಯ್ದಿದ್ದ ಸ್ಟೀಲಿನ ಡಬ್ಬಿಯನ್ನು ಹಿಂತಿರುಗಿಸಿದರು. ಮುಚ್ಚಳ ತೆಗೆದರೆ ಒಳಗೆ ನಾಲ್ಕು ಅಚ್ಚು ಬೆಲ್ಲ. ನಾನು ಯಾಕೆಂದು ಕೇಳುವ ಮೊದಲೇ ಅತ್ತೆ, "ಬರೀ ಪಾತ್ರಿ ಕೊಡೂಕಾಗ ಮಾರಾಯ್ತಿ" ಎಂದರು. ಅವ್ವನೂ ಹೀಗೇ ಅಲ್ಲವೇ? ನೆರೆಯವರ ಬಟ್ಟಲಿಗೆ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದಳು.

ಸಂಕ್ರಾಂತಿಗೆ ನಿನ್ನ ಓಣಿಯವರು ಎಳ್ಳು ಕೊಡಲು ಹೇಗೂ ಬರುತ್ತಾರೆ. ಆ ವಾರ ಒಂದು ಸಂಜೆ ಅವರಿಗೆಲ್ಲ ಸಾರು ತರಲು ಹೇಳು. ನೀನೂ ಭಾವನೂ ಇಬ್ಬರೇ ಎಂದು ಕುಕ್ಕರಿನಲ್ಲಿ ಎರಡು ಸೌಟು ಬೇಳೆ ಬೇಯಿಸುವುದನ್ನು ಒಂದು ದಿನ ಬಿಡು.

ಗೆಳತಿಯ ಗಂಡ ಶುಕ್ರವಾರ ಹುಬ್ಬಳ್ಳಿಗೆ ಬರುತ್ತಾರೆ. ಅವರ ಕೈಯಲ್ಲಿ ಒಂದು ಡಬ್ಬಿ ಕಳಿಸುತ್ತಿದ್ದೇನೆ, ತುಂಬ ಈ ಗದ್ದೆಯದೇ ಹುರುಳಿ. ಮಾಡುವ ಬಗೆ ಮೇಲೆ ಬರೆದಿದ್ದೇನಲ್ಲ. ಅವರು ಭಾನುವಾರ ಹಿಂತಿರುಗುತ್ತಾರೆ. ಡಬ್ಬಿಯಲ್ಲಿ ಒಣಕೊಬ್ಬರಿ ಹಾಕಿ ಕಳಿಸು. ಅವ್ವ ಕಟ್ಟಿನ ಸಾರಿಗೆ ಕೊಬ್ಬರಿಯನ್ನು ಸುಟ್ಟು ಹಾಕುತ್ತಿದ್ದಳೋ ಹುರಿದು ಹಾಕುತ್ತಿದ್ದಳೋ, ಅದನ್ನೂ ಒಂದು ಚೀಟಿಯಲ್ಲಿ ಬರೆದಿಡು.

ನಿನ್ನ ತಂಗಿ